ಪಿಎ ಆಗಿ ಡ್ಯೂಟಿಗೆ ಸೇರಿದ ಮೇಲೆ: ವಾರ್ಡಿನ ಕೆಲಸ ಮತ್ತು ಮುಂದಿನ ಓದು

ಫಿಸಿಷಿಯನ್ ಅಸಿಸ್ಟೆಂಟ್ (ಪಿಎ, ಅಂದರೆ ಡಾಕ್ಟರ್ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರು) ಕೋರ್ಸ್ ಮುಗಿಸಿ ಮಣಿಪಾಲದಲ್ಲೋ ಮಂಗಳೂರಲ್ಲೋ ಕೆಲಸಕ್ಕೆ ಸೇರಿದವರಿಗೆ ಒಂದು ವಿಷಯ ತಡವಾಗಿ ಗೊತ್ತಾಗುತ್ತದೆ. ಇನ್ನು ಮೇಲೆ ಸಿಲೆಬಸ್ ಇಲ್ಲ. ಪಿಜಿ ಓದುವ ಡಾಕ್ಟರ್‌ಗಳಿಗೆ ಥೀಸಿಸ್ ಇದೆ, ಪರೀಕ್ಷೆ ಇದೆ. ಸಿಸ್ಟರ್‌ಗಳಿಗೆ ಅವರದೇ ಕ್ಲಾಸ್‌ಗಳಿವೆ. ಪಿಎ ಏನು ಓದಿದರು, ಎಷ್ಟು ಓದಿದರು ಅಂತ ಕೇಳುವವರು ಕಡಿಮೆ. ಐದು ವರ್ಷ ಡಿಸ್ಚಾರ್ಜ್ ಸಮ್ಮರಿ ಟೈಪ್ ಮಾಡುತ್ತಾ ಕೂತರೂ ತಿಂಗಳ ಕೊನೆಗೆ ಸಂಬಳ ಬರುತ್ತದೆ.

ಹಾಗಾಗಬಾರದು ಅಂದರೆ ಏನು ಮಾಡಬೇಕು ಅನ್ನುವುದಕ್ಕೆ ಈ ಲೇಖನ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಾನ್ಫರೆನ್ಸ್ ಬ್ಯಾಗು, ಸರ್ಟಿಫಿಕೇಟು ಎಲ್ಲ ಆಮೇಲೆ. ನಿಮ್ಮ ವಾರ್ಡಿನ ರೋಗಿ ಎಬ್ಬಿಸಿದ ಪ್ರಶ್ನೆಗೆ ಅದೇ ವಾರ ಉತ್ತರ ಹುಡುಕುವುದೇ ಪಿಎಗೆ ನಿಜವಾದ ಓದು. ಅದಕ್ಕೆ ವಾರ್ಡಿನ ಕೆಲಸವನ್ನೂ ಸ್ವಲ್ಪ ಬೇರೆ ರೀತಿ ಮಾಡಬೇಕಾಗುತ್ತದೆ.

ಮೊದಲ ವಾರ: ನಿಮ್ಮ ಕೆಲಸ ಏನು ಅನ್ನುವುದು ಕಾಗದದಲ್ಲಿರಲಿ

ಈ ಹುದ್ದೆ ಹುಟ್ಟಿದ್ದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ. 1965ರಲ್ಲಿ ಡಾ. ಯೂಜಿನ್ ಸ್ಟೆಡ್ ಅಲ್ಲಿ ಮೊದಲ ಬ್ಯಾಚ್ ಶುರು ಮಾಡಿದರು. ನಮ್ಮ ದೇಶಕ್ಕೆ ಬಂದದ್ದು 1992ರಲ್ಲಿ, ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ, ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ. ಎಂ. ಚೆರಿಯನ್ ಅವರಿಂದ. ಇವತ್ತಿಗೂ ಕಾರ್ಡಿಯಾಕ್ ಸರ್ಜರಿ ಯೂನಿಟ್‌ಗಳಲ್ಲಿ ಪಿಎಗಳು ಜಾಸ್ತಿ ಕಾಣಿಸುವುದು ಸುಮ್ನೆ ಅಲ್ಲ.

ಕಾನೂನಿನ ಬಲ ಸಿಕ್ಕಿದ್ದು ಮಾತ್ರ 2021ರಲ್ಲಿ. ಆ ವರ್ಷ ಬಂದ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ಪಟ್ಟಿಯಲ್ಲಿ ಫಿಸಿಷಿಯನ್ ಅಸೋಸಿಯೇಟ್ (ಪಿಎಯದೇ ಇನ್ನೊಂದು ಹೆಸರು) ಹುದ್ದೆಯೂ ಇದೆ. ರಾಜ್ಯಕ್ಕೊಂದು ಕೌನ್ಸಿಲ್, ಅದರಲ್ಲಿ ಹೆಸರು ನೋಂದಣಿ ಎಂಬುದು ಅದರ ವ್ಯವಸ್ಥೆ. ನೋಂದಣಿ ಎಲ್ಲಿಗೆ ಬಂತು ಅಂತ ನಿಮ್ಮ ಕಾಲೇಜಿನ ಆಫೀಸಲ್ಲಿ ಕೇಳಿ, ಅರ್ಜಿ ಹಾಕಿ. ‘ನೋಡೋಣ’ ಅಂತ ಮುಂದೂಡಬೇಡಿ.

ಹೆಸರು ಪಟ್ಟಿಯಲ್ಲಿದೆ ಅಂದ ಮಾತ್ರಕ್ಕೆ ನೀವು ಸ್ವಂತವಾಗಿ ಚಿಕಿತ್ಸೆ ಕೊಡಬಹುದು ಅಂತ ಅರ್ಥ ಅಲ್ಲ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ವೈದ್ಯರಾಗಿ ನೋಂದಣಿ ಇಲ್ಲದವರು ವೈದ್ಯ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದಕ್ಕೇ ಯೂನಿಟ್ ಹೆಡ್ ಜೊತೆ ಕೂತು ಒಂದು ಹಾಳೆ ಮಾಡಿಸಿಕೊಳ್ಳಿ. ಮೂರು ಭಾಗ ಸಾಕು. ಕೇಳದೆ ಮಾಡಬಹುದಾದದ್ದು: ಹಿಸ್ಟರಿ, ಪರೀಕ್ಷೆ, ಡ್ರೆಸ್ಸಿಂಗ್ ನೋಡುವುದು, ರಿಪೋರ್ಟ್ ಒಟ್ಟು ಮಾಡುವುದು. ಕೇಳಿ ಮಾಡಬೇಕಾದದ್ದು: ಡ್ರೇನ್ (ಗಾಯದಿಂದ ದ್ರವ ಹೊರಬಿಡುವ ಕೊಳವೆ) ತೆಗೆಯುವುದು, ಹೊಲಿಗೆ ಬಿಚ್ಚುವುದು. ಡಾಕ್ಟರ್ ಪಕ್ಕದಲ್ಲಿದ್ದರೆ ಮಾತ್ರ ಮಾಡುವುದು: ಅದು ನಿಮ್ಮ ಯೂನಿಟ್ ಮೇಲೆ ಹೋಗುತ್ತದೆ. ಕೆಳಗೆ ಹೆಡ್ ಸಹಿ, ತಾರೀಖು. ಒಂದು ಪ್ರತಿ ನಿಮ್ಮ ಹತ್ತಿರ, ಒಂದು ನರ್ಸಿಂಗ್ ಸ್ಟೇಷನ್‌ನಲ್ಲಿ. ಇದನ್ನು ಕೇಳುವುದಕ್ಕೆ ಮುಜುಗರ ಪಡುವವರೇ ಹೆಚ್ಚು. ಆದರೆ ರಾತ್ರಿ ಹನ್ನೊಂದಕ್ಕೆ ‘ನೀವೇ ಬರೆದುಬಿಡಿ’ ಅಂತ ಯಾರಾದರೂ ಅಂದಾಗ ತೋರಿಸಲು ಆ ಹಾಳೆಗಿಂತ ಒಳ್ಳೆಯದು ಇನ್ನೊಂದಿಲ್ಲ.

ಫೋನಿನಲ್ಲಿ ಬಂದ ಆರ್ಡರ್ ಇದ್ದರೆ ಔಷಧದ ಹೆಸರು, ಡೋಸ್ ವಾಪಸ್ ಓದಿ ಹೇಳಿ. ಸಮಯ, ಹೇಳಿದವರ ಹೆಸರು ಕೇಸ್ ಶೀಟಿನಲ್ಲಿ ಬರೆಯಿರಿ. ಮರುದಿನ ರೌಂಡ್ಸ್‌ನಲ್ಲೇ ಡಾಕ್ಟರ್ ಸಹಿ ಹಾಕಿಸಿ. ರೋಗಿಗಳು ‘ಡಾಕ್ಟ್ರೇ’ ಅಂತ ಕರೆಯುವುದು ಸಹಜ, ಬಿಳಿ ಕೋಟ್ ಕಂಡರೆ ಹಾಗೆಯೇ. ಮೊದಲ ಭೇಟಿಯಲ್ಲಿ ‘ಅಮ್ಮಾ, ನಾನು ಡಾಕ್ಟರ್ ಅಲ್ಲ, ಅವರ ಯೂನಿಟ್ಟಿನ ಪಿಎ’ ಅಂತ ಒಂದು ಸಲ ಹೇಳಿದರೆ ಆಯಿತು.

ಫೈಲಿನಲ್ಲಿ ಇರಬೇಕಾದದ್ದು

ಡಿಗ್ರಿ, ಇಂಟರ್ನ್‌ಶಿಪ್ ಸರ್ಟಿಫಿಕೇಟ್, ನೋಂದಣಿ ಕಾಗದ. ಬಿಎಲ್‌ಎಸ್, ಎಸಿಎಲ್‌ಎಸ್ ಕಾರ್ಡ್‌ಗಳು (ಹೃದಯ ನಿಂತಾಗ ಜೀವ ಉಳಿಸುವ ತರಬೇತಿಯವು). ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕಾರ್ಡಿಗೆ ಎರಡೇ ವರ್ಷ ಆಯುಸ್ಸು, ಮುಗಿಯುವ ತಿಂಗಳನ್ನು ಮೊಬೈಲ್‌ನಲ್ಲಿ ಹಾಕಿಟ್ಟುಕೊಳ್ಳಿ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ ಆಗಿರಬೇಕು. ಆದ ಮೇಲೆ ಟೈಟರ್ ಪರೀಕ್ಷೆ (ರಕ್ತದಲ್ಲಿ ರಕ್ಷಣೆ ಎಷ್ಟು ಬೆಳೆದಿದೆ ಅನ್ನುವ ಲೆಕ್ಕ) ಮಾಡಿಸಿ, 10ಕ್ಕಿಂತ ಮೇಲಿದ್ದರೆ ಸರಿ. ಲಸಿಕೆ ಹಾಕಿಸಿಕೊಂಡು ಟೈಟರ್ ಬಿಡುವವರು ತುಂಬಾ ಜನ.

ಸೂಜಿ ಚುಚ್ಚಿದರೆ ಬೆರಳು ಹಿಂಡಬೇಡಿ. ಸೋಪು, ನೀರಿನಲ್ಲಿ ತೊಳೆದು ಆಗಲೇ ವರದಿ ಮಾಡಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರುವಾದರೆ ಉತ್ತಮ, 72 ಗಂಟೆ ದಾಟಿದರೆ ಪ್ರಯೋಜನ ಇಲ್ಲ, ಕೋರ್ಸ್ 28 ದಿನ. ನಾಚಿಕೆಯಿಂದ ಮುಚ್ಚಿಡುವ ವಿಷಯ ಇದಲ್ಲ.

ರೌಂಡ್ಸ್‌ಗೆ ಮುಂಚೆ

ಸರ್ ಬರುವ ಮುಕ್ಕಾಲು ಗಂಟೆ ಮೊದಲು ವಾರ್ಡಿನಲ್ಲಿರಿ. ಕೇಸ್ ಶೀಟ್ ತೆರೆಯುವ ಮೊದಲು ರೋಗಿಯನ್ನು ನೋಡಿ. ಕೂತಿದ್ದಾರಾ, ಮಲಗಿದ್ದಾರಾ? ನಿನ್ನೆಗಿಂತ ಮಾತು ಕಡಿಮೆ ಆಗಿದೆಯಾ? ಉಸಿರಾಟ ಪೂರ್ತಿ ನಿಮಿಷ ಎಣಿಸಿ. ಚಾರ್ಟ್‌ಗಳಲ್ಲಿ ಎಲ್ಲರಿಗೂ 18, 20 ಅಂತಲೇ ಬರೆದಿರುತ್ತದೆ, ನಿಜವಾಗಿ ಎಣಿಸಿದವರು ಎಷ್ಟು ಜನ ಅಂತ ದೇವರಿಗೇ ಗೊತ್ತು.

ಬೈಪಾಸ್ ಆದವರ ಬೆಡ್ ಹತ್ತಿರ ಹೇಗೆ ನಿಲ್ಲಬೇಕು ಅಂತ ಒಂದು ಉದಾಹರಣೆ ಕೊಡುತ್ತೇನೆ. ಎದೆಯ ಗಾಯವನ್ನು ಎಲ್ಲರೂ ನೋಡುತ್ತಾರೆ. ಕಾಲಿನಿಂದ ರಕ್ತನಾಳ ತೆಗೆದ ಗಾಯವನ್ನು ನೋಡುವ ಜವಾಬ್ದಾರಿ ಹೆಚ್ಚಾಗಿ ನಿಮ್ಮದು, ಎಷ್ಟೋ ಕಡೆ ಅದನ್ನು ತೆಗೆಯಲು ಕೈಜೋಡಿಸಿದವರೂ ನೀವೇ. ಹೊದಿಕೆ ಪೂರ್ತಿ ಸರಿಸಿ. ಎರಡೂ ಕಾಲು ಹೋಲಿಸಿ. ಊತ ಸ್ವಲ್ಪ ಇರುತ್ತದೆ. ಆದರೆ ಕೆಂಪಗಾಗಿ, ಮುಟ್ಟಿದರೆ ಬಿಸಿ ಇದ್ದು, ಗಾಯದ ಅಂಚಿನಿಂದ ನೀರು ಜಿನುಗಿದರೆ ಅದು ಸರಿ ಇಲ್ಲ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಬೆರಳ ಸಂದಿಯನ್ನೂ ನೋಡಿ. ಆಮೇಲೆ ಡ್ರೇನ್ ಎಷ್ಟು ಬಂತು, ಮೂತ್ರ ಎಷ್ಟು ಹೋಯಿತು, ಪೊಟ್ಯಾಸಿಯಂ ಎಷ್ಟಿದೆ, ಇವತ್ತು ಎದ್ದು ನಡೆದರಾ.

ರೌಂಡ್ಸ್‌ನಲ್ಲಿ ಹೇಳುವಾಗ ಒಂದು ನಿಮಿಷಕ್ಕಿಂತ ಜಾಸ್ತಿ ಬೇಡ. ಏನಾಗಿದೆ, ರಾತ್ರಿಯಿಂದ ಏನು ಬದಲಾಯಿತು, ನೀವು ಏನು ಯೋಚಿಸುತ್ತೀರಿ. ಮೂರನೆಯದನ್ನು ಹೊಸಬರು ಹೇಳುವುದೇ ಇಲ್ಲ, ತಪ್ಪಾದರೆ ಅಂತ ಹೆದರುತ್ತಾರೆ. ಹೇಳಿ. ಸರ್ ತಿದ್ದುತ್ತಾರೆ, ಆ ತಿದ್ದುಪಡಿ ಜನ್ಮದಲ್ಲಿ ಮರೆಯುವುದಿಲ್ಲ.

ಹಿಸ್ಟರಿ ತೆಗೆಯುವಾಗ

ಒಂದೇ ವಾರ್ಡಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ, ಕಾಸರಗೋಡಿನವರ ಮಲಯಾಳಂ ಎಲ್ಲ ಕೇಳಿಸುತ್ತದೆ. ಎಲ್ಲವನ್ನೂ ಕಲಿಯಲು ಆಗದು. ನೋವು, ಜ್ವರ, ಉಸಿರು, ಊಟ, ಎಷ್ಟು ದಿನ ಅನ್ನುವ ಐದಾರು ಪ್ರಶ್ನೆಗಳನ್ನು ಪ್ರತಿ ಭಾಷೆಯಲ್ಲೂ ಸಿಸ್ಟರ್‌ಗಳಿಂದ ಕಲಿತುಕೊಳ್ಳಿ. ತುಳುವಿನಲ್ಲಿ ‘ಓಲು ಬೇನೆ?’ (ಎಲ್ಲಿ ನೋವು?) ಅಂತ ಕೇಳಿದರೆ ಸಾಕು, ಅಜ್ಜಿ ಕೈಯಿಟ್ಟು ತೋರಿಸುತ್ತಾರೆ.

ಆಪರೇಷನ್ ದಿನ ಬೆಳಗ್ಗೆ ‘ಊಟ ಮಾಡಿದ್ದೀರಾ?’ ಅಂತ ಮಾತ್ರ ಕೇಳಬೇಡಿ. ಉತ್ತರ ಹೀಗಿರುತ್ತದೆ: ‘ಇಲ್ಲ ಮಾರಾಯ್ರೆ, ಏನೂ ತಿನ್ಲಿಲ್ಲ. ಸ್ವಲ್ಪ ಗಂಜಿ ತೆಳಿ ಕುಡಿದದ್ದು ಅಷ್ಟೇ.’ ಅವರ ಲೆಕ್ಕದಲ್ಲಿ ಅದು ಊಟ ಅಲ್ಲ, ನಿಜವೇ. ಅನಸ್ತೇಶಿಯಾ ಲೆಕ್ಕದಲ್ಲಿ ನೀರಿನಂಥ ತಿಳಿ ದ್ರವಕ್ಕೆ ಎರಡು ಗಂಟೆ, ಹಾಲು ಅಥವಾ ಹಗುರ ಆಹಾರಕ್ಕೆ ಆರು ಗಂಟೆ. ಅನ್ನದ ಪಿಷ್ಟ ಇರುವ ತೆಳಿ, ಹಾಲು ಹಾಕಿದ ಚಹಾ ತಿಳಿ ನೀರಲ್ಲ. ‘ಬೆಳಗ್ಗೆಯಿಂದ ಬಾಯಿಗೆ ಏನೆಲ್ಲ ಹೋಯಿತು? ಚಹಾ? ಗಂಜಿ? ಬೊಂಡ (ಎಳನೀರು)? ಮಾತ್ರೆ?’ ಅಂತ ಒಂದೊಂದೇ ಹೆಸರು ಹಿಡಿದು ಕೇಳಿ. ಬೈಸ್ಟ್ಯಾಂಡರ್‌ಗೂ ಕೇಳಿ, ಕೆಲವೊಮ್ಮೆ ಕುಡಿಸಿದವರು ಅವರೇ.

ಹೀಗೆಯೇ ಊರಿನ ಊಟ ಗೊತ್ತಿರದಿದ್ದರೆ ಸಲಹೆಗಳು ವ್ಯರ್ಥ. ವಾಲ್ವ್ ಬದಲಿಸಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತಗೊಳ್ಳುವವರಿಗೆ ‘ಸೊಪ್ಪು ತಿನ್ನಬೇಡಿ’ ಅಂದರೆ ಎರಡು ವಾರ ಪಾಲಿಸಿ, ಮೂರನೇ ವಾರ ಬಸಳೆ ಗಸಿ ಹೊಟ್ಟೆ ತುಂಬ ತಿನ್ನುತ್ತಾರೆ. ಸೊಪ್ಪಿನ ವಿಟಮಿನ್ ಕೆ ವಾರ್ಫರಿನ್‌ಗೆ ವಿರುದ್ಧ, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) ಇಳಿಯುತ್ತದೆ. ಪೂರ್ತಿ ಬಿಡಿಸುವ ಬದಲು ಪ್ರತಿ ವಾರ ಹೆಚ್ಚುಕಡಿಮೆ ಒಂದೇ ಅಳತೆ ತಿನ್ನಲು ಹೇಳಿ. ಕಿಡ್ನಿ ತೊಂದರೆ ಇದ್ದು ಪೊಟ್ಯಾಸಿಯಂ ಏರಿರುವವರಿಗೆ ನೋಡಲು ಬಂದ ನೆಂಟರು ತರುವುದು ಬೊಂಡವನ್ನೇ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ರೋಗಿಗೆ ಹೇಳಿದರೆ ಸಾಲದು, ನೆಂಟರಿಗೂ ಹೇಳಬೇಕು. ಆಟಿ ಅಮಾವಾಸ್ಯೆ ಹೊತ್ತಿಗೆ ವಾಂತಿ, ಸೆಳೆತ ಅಂತ ಬಂದರೆ ಪಾಲೆ ಕಷಾಯ (ಆ ದಿನ ಪಾಲೆ ಮರದ ಕೆತ್ತೆ, ಅಂದರೆ ತೊಗಟೆಯಿಂದ ಮಾಡಿ ಕುಡಿಯುವುದು) ಕುಡಿದರಾ, ಕೆತ್ತೆ ತಂದವರು ಯಾರು ಅಂತ ಕೇಳಿ. ಕತ್ತಲಲ್ಲಿ ತಪ್ಪು ಮರದ ಕೆತ್ತೆ ತರುವ ಅಪಾಯ ಇದ್ದೇ ಇದೆ.

ಮಲ್ಪೆಯ ಬೋಟಿನವರದು ಇನ್ನೊಂದು ಬಗೆ. ಆಳ ಸಮುದ್ರಕ್ಕೆ ಹೋದರೆ ದಿನಗಟ್ಟಲೆ ವಾಪಸ್ ಇಲ್ಲ. ‘ಮೂರು ದಿನ ಬಿಟ್ಟು ಬನ್ನಿ’ ಅಂತ ಬರೆದರೆ ಬರುವುದಿಲ್ಲ. ಯಾವಾಗ ದಡದಲ್ಲಿರುತ್ತೀರಿ ಅಂತ ಕೇಳಿ ಮಾತ್ರೆ, ತಾರೀಖು ಹೊಂದಿಸಿ. ಹರ್ನಿಯಾದಂಥ ಅವಸರ ಇಲ್ಲದ ಆಪರೇಷನ್ ಆದರೆ, ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ರಜೆ ಇದೆ, ಆಗ ಆಗಬಹುದಾ ಅಂತ ಸರ್ಜನ್ ಹತ್ತಿರ ನೀವೇ ಎತ್ತಿ.

ರಾತ್ರಿ ಫೋನ್ ಮಾಡುವುದು

‘ಸರ್, ಪೇಶಂಟ್ ಸ್ವಲ್ಪ ಡಲ್ ಇದ್ದಾರೆ’ ಅಂತ ಫೋನ್ ಮಾಡಬೇಡಿ. ನಿದ್ದೆಯಲ್ಲಿದ್ದವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಯಾರು, ಹಿನ್ನೆಲೆ ಏನು, ನಿಮಗೆ ಏನನ್ನಿಸುತ್ತದೆ, ಅವರಿಂದ ಏನು ಬೇಕು. ಇದೇ ಕ್ರಮ. ಹೀಗೆ:

‘ಸರ್, ನಾಲ್ಕನೇ ಬೆಡ್, 62 ವರ್ಷ, ಇವತ್ತು ಕೊಲೊನ್ ಆಪರೇಷನ್ ಆದವರು. ತೂಕ 70 ಕೆಜಿ. ಮೂರು ಗಂಟೆಯಲ್ಲಿ ಮೂತ್ರ 45 ಎಂಎಲ್. ಪಲ್ಸ್ 118, ಬಿಪಿ 94/60. ಕ್ಯಾತೆಟರ್ ಬ್ಲಾಕ್ ಆಗಿಲ್ಲ, ನೋಡಿದೆ. ಡ್ರೇನ್‌ನಲ್ಲಿ ರಕ್ತ ಜಾಸ್ತಿ ಇಲ್ಲ. ಫ್ಲೂಯಿಡ್ ಕಡಿಮೆ ಆಗಿದೆ ಅಥವಾ ಒಳಗೆ ಬ್ಲೀಡ್ ಆಗ್ತಿದೆ ಅನ್ನಿಸ್ತದೆ. ನೀವು ಬಂದು ನೋಡಬೇಕು ಸರ್.’

ಗಂಟೆಗೆ ಪ್ರತಿ ಕೆಜಿಗೆ ಅರ್ಧ ಎಂಎಲ್ ಲೆಕ್ಕ ಹಾಕಿದರೆ ಈ ರೋಗಿಗೆ ಮೂರು ಗಂಟೆಯಲ್ಲಿ 105 ಬರಬೇಕಿತ್ತು. ಆ ಲೆಕ್ಕ ಮಾಡಿಟ್ಟುಕೊಂಡೇ ಫೋನ್ ಎತ್ತಿ. ‘ನೋಡೋಣ’ ಅಂತ ಉತ್ತರ ಬಂದು, ನಿಮಗೆ ಸಮಾಧಾನ ಆಗದಿದ್ದರೆ ಅವರಿಗಿಂತ ಮೇಲಿನವರಿಗೆ ಮಾಡಿ. ಬೈಗುಳ ಬಂದರೆ ಬರಲಿ.

ಮಳೆಗಾಲಕ್ಕೆ ಬೇರೆ ತಯಾರಿ

ಜೂನ್ ಬಂತೆಂದರೆ ಜ್ವರದ ಬೆಡ್‌ಗಳು ತುಂಬುತ್ತವೆ. ಮೇ ತಿಂಗಳಲ್ಲೇ ಮಲೇರಿಯಾ, ಡೆಂಗಿ, ಇಲಿಜ್ವರ ಮೂರನ್ನೂ ಮತ್ತೊಮ್ಮೆ ಓದಿ. ಇಲ್ಲಿ ಪಿಎಯ ಕಣ್ಣು ಎಲ್ಲಿರಬೇಕು ಅನ್ನುವುದಷ್ಟನ್ನೇ ಹೇಳುತ್ತೇನೆ.

ಡೆಂಗಿಯಲ್ಲಿ ಮನೆಯವರ ಕಣ್ಣೆಲ್ಲ ಪ್ಲೇಟ್‌ಲೆಟ್ ಮೇಲೆ. ನಿಮ್ಮ ಕಣ್ಣು ಹಿಮೆಟೊಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಮೇಲೂ ಇರಲಿ. ಜ್ವರ ಇಳಿದು ‘ಹುಷಾರಾದ್ರು’ ಅಂತ ಎಲ್ಲರೂ ನಿಟ್ಟುಸಿರು ಬಿಡುವ ಹೊತ್ತೇ ಅಪಾಯದ್ದು. ಹಿಮೆಟೊಕ್ರಿಟ್ ಏರುತ್ತಾ ಪ್ಲೇಟ್‌ಲೆಟ್ ಇಳಿಯುತ್ತಿದೆ, ಹೊಟ್ಟೆನೋವು ಇದೆ, ವಾಂತಿ ನಿಲ್ಲುತ್ತಿಲ್ಲ, ಮಂಕಾಗಿದ್ದಾರೆ. ಇದರಲ್ಲಿ ಯಾವುದು ಕಂಡರೂ ತಕ್ಷಣ ಹೇಳಿ. ಮನೆಯಲ್ಲಿ ನೋವಿನ ಮಾತ್ರೆ ಏನಾದರೂ ತಗೊಂಡರಾ ಕೇಳಿ. ಪ್ಯಾರಾಸಿಟಮಾಲ್ ಬಿಟ್ಟು ಬೇರೆಯವು ರಕ್ತಸ್ರಾವ ಹೆಚ್ಚಿಸಬಹುದು.

ಇಲಿಜ್ವರಕ್ಕೆ ಕೆಲಸದ ಹಿಸ್ಟರಿಯೇ ಅರ್ಧ ರೋಗನಿರ್ಣಯ. ಗದ್ದೆಗೆ ಇಳಿದಿದ್ದರಾ, ತೋಟದಲ್ಲಿ ಬರಿಗಾಲಲ್ಲಿದ್ದರಾ, ಚರಂಡಿ ಕೆಲಸ ಮಾಡಿದರಾ? ಮೀನಖಂಡ ಒತ್ತಿ ನೋಡಿ, ಕಣ್ಣಿನ ಕೆಂಪು ನೋಡಿ, ಮೂತ್ರ ಅಳೆಯಿರಿ.

ವೈವಾಕ್ಸ್ ಮಲೇರಿಯಾಕ್ಕೆ ಪ್ರೈಮಾಕ್ವಿನ್ 14 ದಿನ. ಮೂರು ದಿನಕ್ಕೆ ಜ್ವರ ಬಿಟ್ಟರೆ ಕಟ್ಟಡ ಕೆಲಸದವರು ಮಾತ್ರೆ ಬಿಟ್ಟು ಕೆಲಸಕ್ಕೆ ಹೋಗುತ್ತಾರೆ, ಆಮೇಲೆ ಅದೇ ಜ್ವರ ವಾಪಸ್. ಡಿಸ್ಚಾರ್ಜ್ ಹೊತ್ತಿಗೆ ಮಾತ್ರೆ ಎಣಿಸಿ ಕೈಗೆ ಕೊಡಿ, ಕೊನೆಯ ಮಾತ್ರೆಯ ತಾರೀಖು ಸ್ಟ್ರಿಪ್ ಮೇಲೆ ಬರೆಯಿರಿ. ಜಿ6ಪಿಡಿ ಕೊರತೆ (ಇದ್ದವರಿಗೆ ಪ್ರೈಮಾಕ್ವಿನ್‌ನಿಂದ ಕೆಂಪುಕಣ ಒಡೆಯಬಹುದು) ಬಗ್ಗೆ ಡಾಕ್ಟರ್ ಯೋಚಿಸಿದ್ದಾರಾ ಕೇಳಿ.

ಹಾವು ಕಚ್ಚಿದವರಿಗೆ ಮಾಡುವ 20 ನಿಮಿಷದ ಪರೀಕ್ಷೆಯನ್ನು ಕೈಯಾರೆ ಕಲಿಯಿರಿ. ಸ್ವಚ್ಛ, ಒಣ ಗಾಜಿನ ಟ್ಯೂಬಿಗೆ 2 ಎಂಎಲ್ ರಕ್ತ. ಅಲ್ಲಾಡಿಸದೆ 20 ನಿಮಿಷ ನಿಲ್ಲಿಸಿ. ಆಮೇಲೆ ಒಂದೇ ಸಲ ಬಗ್ಗಿಸಿ ನೋಡಿ, ಹೆಪ್ಪುಗಟ್ಟಿಲ್ಲ ಅಂದರೆ ವಿಷ ರಕ್ತಕ್ಕೆ ಕೈಹಾಕಿದೆ. ಪ್ಲಾಸ್ಟಿಕ್ ಟ್ಯೂಬ್ ಆದರೆ ಫಲಿತಾಂಶ ನಂಬುವಂತಿಲ್ಲ. ಅವಸರದಲ್ಲಿ ಕೈಗೆ ಸಿಗುವುದು ಅದೇ, ಆದ್ದರಿಂದ ಗಾಜಿನದ್ದು ಎಮರ್ಜೆನ್ಸಿಯಲ್ಲಿ ಎಲ್ಲಿದೆ ಅಂತ ಮೊದಲೇ ತಿಳಿದಿರಿ. ನಮ್ಮಲ್ಲಿ ಸಿಗುವ ಆಂಟಿವೆನಮ್ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಪಶ್ಚಿಮ ಘಟ್ಟದ ಹಂಪ್‌ನೋಸ್ಡ್ ಮಂಡಲಕ್ಕೆ ಅದು ಕೆಲಸ ಮಾಡುವುದಿಲ್ಲ.

ವಾರಕ್ಕೊಂದು ಗಂಟೆ ಓದು

ಅಮೆರಿಕದ ಪಿಎಗಳು ಎರಡು ವರ್ಷಕ್ಕೆ 100 ಕ್ರೆಡಿಟ್ ಕಲಿಕೆ ತೋರಿಸಬೇಕು, ಅದರಲ್ಲಿ ಕನಿಷ್ಠ 50 ಮಾನ್ಯತೆ ಪಡೆದ ಕಾರ್ಯಕ್ರಮಗಳದ್ದು. ಹತ್ತು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷಾ ಪ್ರಕ್ರಿಯೆ ಮುಗಿಸಬೇಕು. ನಿಯಮ ಅಲ್ಲಿಯದು, ಲೆಕ್ಕವನ್ನು ನಾವು ಎರವಲು ಪಡೆಯಬಹುದು. ಎರಡು ವರ್ಷಕ್ಕೆ ನೂರು ಗಂಟೆ ಅಂದರೆ ವಾರಕ್ಕೆ ಒಂದೇ ಗಂಟೆ. ಉಡುಪಿ-ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಿಟಕಿ ಸೀಟ್ ಸಿಕ್ಕರೆ ಅಲ್ಲೇ ಆಗಿಹೋಗುತ್ತದೆ.

ಕೋಟಿನ ಜೇಬಲ್ಲಿ ಸಣ್ಣ ಪುಸ್ತಕ ಇರಲಿ. ಪ್ರತಿ ಡ್ಯೂಟಿಗೆ ಒಂದೇ ಪ್ರಶ್ನೆ. ‘ಬೈಪಾಸ್ ಆದ ಎರಡನೇ ದಿನ ನಾಡಿ ಏಕೆ ಏರುಪೇರಾಯಿತು?’ ಅಂತ. ರೋಗಿಯ ಹೆಸರು, ಐಪಿ ನಂಬರ್ ಬರೆಯಬೇಡಿ. ವಾರದ ಕೊನೆಗೆ ಒಂದನ್ನು ಆರಿಸಿ ಓದಿ. ಏಟ್ರಿಯಲ್ ಫೈಬ್ರಿಲೇಷನ್ (ಹೃದಯ ಬಡಿತ ಲಯ ತಪ್ಪುವುದು) ಆಪರೇಷನ್ ಆಗಿ ಎರಡರಿಂದ ನಾಲ್ಕನೇ ದಿನ ಹೆಚ್ಚು, ವಯಸ್ಸಾದಷ್ಟೂ ಹೆಚ್ಚು, ಬೀಟಾ ಬ್ಲಾಕರ್ (ನಾಡಿ ನಿಧಾನ ಮಾಡುವ ಮಾತ್ರೆ) ನಿಲ್ಲಿಸಿದ್ದರೆ ಇನ್ನೂ ಹೆಚ್ಚು ಅಂತ ಗೊತ್ತಾಗುತ್ತದೆ. ಕೆಳಗೆ ಒಂದು ಸಾಲು: ‘ಇನ್ನು ಮುಂದೆ ನಾನು ಏನು ಬದಲಿಸುತ್ತೇನೆ?’ ಉದಾಹರಣೆಗೆ, ಹಳೇ ಬೀಟಾ ಬ್ಲಾಕರ್ ಮತ್ತೆ ಶುರುವಾಗಿದೆಯಾ ಅಂತ ಮೊದಲ ದಿನವೇ ಕೇಳುತ್ತೇನೆ. ಈ ಸಾಲು ಇಲ್ಲದ ಓದು ಅರ್ಧಂಬರ್ಧ.

ಎಲ್ಲಿ ಓದುವುದು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸ್ಟ್ಯಾಂಡರ್ಡ್ ಟ್ರೀಟ್‌ಮೆಂಟ್ ವರ್ಕ್‌ಫ್ಲೋಗಳು ಉಚಿತ, ಚಿಕ್ಕವು, ನಮ್ಮ ದೇಶಕ್ಕೆ ಬರೆದವು. ಅಲ್ಲಿಂದ ಶುರು ಮಾಡಿ. ಪಬ್‌ಮೆಡ್‌ನಲ್ಲಿ ರಿವ್ಯೂ ಲೇಖನಗಳನ್ನು ಮಾತ್ರ ಹುಡುಕಿ, ಮೊದಲೇ ಟ್ರಯಲ್‌ಗಳಿಗೆ ಇಳಿದರೆ ತಲೆ ಕೆಡುತ್ತದೆ. ನಿಮ್ಮ ಆಸ್ಪತ್ರೆಯ ಮೈಕ್ರೋಬಯಾಲಜಿಯವರ ಹತ್ತಿರ ಈ ವರ್ಷದ ಆಂಟಿಬಯೋಗ್ರಾಮ್ ಕೇಳಿ. ನಿಮ್ಮದೇ ಕಟ್ಟಡದಲ್ಲಿ ಯಾವ ರೋಗಾಣುವಿಗೆ ಯಾವ ಔಷಧ ಕೆಲಸ ಮಾಡುತ್ತಿದೆ ಅಂತ ಬೇರೆ ಯಾವ ಪುಸ್ತಕವೂ ಹೇಳುವುದಿಲ್ಲ.

ಇನ್ನು ನಮ್ಮ ಭಾಗದ ಅನುಕೂಲ. ಮಣಿಪಾಲ, ದೇರಳಕಟ್ಟೆ, ಕಂಕನಾಡಿ, ಅತ್ತಾವರ, ಕುಂಟಿಕಾನ: ಇಷ್ಟು ಹತ್ತಿರ ಹತ್ತಿರ ಇಷ್ಟು ಮೆಡಿಕಲ್ ಕಾಲೇಜು ಮತ್ತು ಟೀಚಿಂಗ್ ಆಸ್ಪತ್ರೆಗಳು ಎಷ್ಟು ಊರಲ್ಲಿವೆ? ನೋಟಿಸ್ ಬೋರ್ಡ್‌ಗಳಲ್ಲಿ ಸಿಎಂಇ (ಕೆಲಸದಲ್ಲಿರುವವರಿಗೆ ನಡೆಸುವ ವೈದ್ಯಕೀಯ ತರಗತಿ) ಪ್ರಕಟಣೆ ಇದ್ದೇ ಇರುತ್ತದೆ. ಪಿಎಗಳಿಗೆ ಪ್ರವೇಶ ಇದೆಯಾ ಅಂತ ಮೊದಲು ಕೇಳಿ ನೋಂದಾಯಿಸಿ. ಡಾಕ್ಟರ್‌ಗಳಿಗೆ ಅವರ ಕೌನ್ಸಿಲ್ ಕೊಡುವ ಕ್ರೆಡಿಟ್ ನಿಮ್ಮ ಹೆಸರಿಗೂ ಸೇರುತ್ತದೆ ಅಂದುಕೊಳ್ಳಬೇಡಿ. ಊಟ ಚೆನ್ನಾಗಿರುವ ಕಾನ್ಫರೆನ್ಸ್‌ಗಿಂತ ಕೈಯಲ್ಲಿ ಮಾಡಿಸುವ ವರ್ಕ್‌ಶಾಪ್ ಆರಿಸಿ: ಅಲ್ಟ್ರಾಸೌಂಡ್, ಏರ್‌ವೇ, ಹೊಲಿಗೆ. ಸಾವು-ತೊಡಕುಗಳ ಮೀಟಿಂಗ್‌ಗೆ ಮಾತ್ರ ಒಂದೂ ತಪ್ಪಿಸಬೇಡಿ, ಹಿಂದಿನ ಬೆಂಚಲ್ಲಿ ಕೂತರೂ ಸರಿ.

ಮಾಡಿದ ಪ್ರೊಸೀಜರ್‌ಗಳಿಗೆ ಲಾಗ್‌ಬುಕ್ ಇಡಿ. ತಾರೀಖು, ಏನು ಮಾಡಿದಿರಿ, ನೋಡಿದ್ದಾ, ಸಹಾಯವಾ, ನೀವೇ ಮಾಡಿದ್ದಾ, ಏನಾದರೂ ತೊಡಕು ಆಯಿತಾ, ಡಾಕ್ಟರ್ ಸಹಿ. ತಿಂಗಳಿಗೊಮ್ಮೆ ಸಹಿ ಹಾಕಿಸಿ. ಎರಡು ವರ್ಷದ್ದು ಒಟ್ಟಿಗೆ ಒಯ್ದರೆ ಯಾರೂ ಹಾಕುವುದಿಲ್ಲ, ಹಾಕಲೂಬಾರದು.

ಹೊರದೇಶದ ಯೋಚನೆ ಇದ್ದರೆ

ಅಮೆರಿಕದಲ್ಲಿ ಪಿಎ ಲೈಸೆನ್ಸ್ ಪರೀಕ್ಷೆ ಬರೆಯಲು ಅಲ್ಲಿಯ ಎಆರ್‌ಸಿ-ಪಿಎ ಎಂಬ ಸಂಸ್ಥೆಯ ಮಾನ್ಯತೆ ಇರುವ ಕೋರ್ಸನ್ನೇ ಮುಗಿಸಿರಬೇಕು. ನಮ್ಮ ಡಿಗ್ರಿ ಹಿಡಿದು ನೇರ ಪರೀಕ್ಷೆ ಬರೆಯಲು ಆಗದು. ಬ್ರಿಟನ್ನಿನಲ್ಲಿ 2024ರ ಡಿಸೆಂಬರ್‌ನಿಂದ ಪಿಎಗಳ ನೋಂದಣಿ ಜನರಲ್ ಮೆಡಿಕಲ್ ಕೌನ್ಸಿಲ್ ಕೈಯಲ್ಲಿದೆ. 2025ರ ಜುಲೈಯಲ್ಲಿ ಬಂದ ಲೆಂಗ್ ವರದಿ, ರೋಗ ಇನ್ನೂ ಪತ್ತೆಯಾಗದವರನ್ನು ಪಿಎಗಳು ಮೊದಲು ನೋಡುವುದನ್ನು ಬಹಳ ಮಟ್ಟಿಗೆ ನಿಲ್ಲಿಸಬೇಕು ಅಂದಿತು. ಅಲ್ಲಿ ಗಾಳಿ ಬದಲಾಗುತ್ತಿದೆ, ಹಳೆಯ ಸೀನಿಯರ್ ಹೇಳಿದ್ದನ್ನು ನಂಬಿ ಹೊರಡಬೇಡಿ.

ಗಲ್ಫ್‌ಗೆ ಹೋಗುವವರ ಕಾಗದಗಳನ್ನು ಹೆಚ್ಚಿನ ಕಡೆ ಡೇಟಾಫ್ಲೋ ಎಂಬ ಸಂಸ್ಥೆ ಮೂಲದಲ್ಲೇ ಪರಿಶೀಲಿಸುತ್ತದೆ. ನಮ್ಮವರು ಸಿಕ್ಕಿಹಾಕಿಕೊಳ್ಳುವುದು ಇನಿಶಿಯಲ್‌ನಲ್ಲಿ. ಮಾರ್ಕ್ಸ್ ಕಾರ್ಡಿನಲ್ಲಿ ಒಂದಕ್ಷರ, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು, ಅನುಭವ ಪತ್ರದಲ್ಲಿ ಮನೆತನದ ಹೆಸರು. ಕೆಲಸ ಬಿಡುವ ದಿನವೇ ಅನುಭವ ಪತ್ರದಲ್ಲಿ ಪಾಸ್‌ಪೋರ್ಟಿನಂತೆ ಹೆಸರು, ಹುದ್ದೆ, ವಿಭಾಗ, ಸೇರಿದ ಮತ್ತು ಬಿಟ್ಟ ತಾರೀಖು ಸರಿಯಾಗಿದೆಯಾ ನೋಡಿ. ಏಜೆನ್ಸಿಯವರು ದುಡ್ಡು ಕೇಳಿದರೆ ಒಂದೇ ಪ್ರಶ್ನೆ ಹಾಕಿ: ಆ ದೇಶದ ಲೈಸೆನ್ಸ್ ಪಟ್ಟಿಯಲ್ಲಿ ಪಿಎ ಅನ್ನುವ ಹುದ್ದೆ ಇದೆಯಾ, ಅಥವಾ ನನ್ನನ್ನು ಬೇರೆ ಹೆಸರಲ್ಲಿ ಸೇರಿಸುತ್ತೀರಾ? ಉತ್ತರ ಬರವಣಿಗೆಯಲ್ಲಿ ಬರುವವರೆಗೆ ಒಂದು ರೂಪಾಯಿಯೂ ಕಟ್ಟಬೇಡಿ.